ಗೆದ್ದ ಮೇಲೆ ಒಂದೇ ಜಮಖಾನೆಯ ಮೇಲೆ ಕೂರುವುದು

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಚುನಾವಣೆಗೆ ನಿಲ್ಲುವುದು ಹೇಗೆ, ಓಟು ಕೇಳುವುದು ಹೇಗೆ ಎಂದು ಹೇಳಿಕೊಡಲು ಆ ಹೊತ್ತಿಗೆ ಬೇಕಾದಷ್ಟು ಜನ ಸಿಗುತ್ತಾರೆ. ಗೆದ್ದು ಬಂದ ಮೇಲೆ ಪಂಚಾಯತಿ ಕೋಣೆಯಲ್ಲಿ ಏನು ಮಾಡಬೇಕು ಎಂದು ಹೇಳುವವರು ವಿರಳ. ಪರಸ್ಪರ ಬೈದಾಡಿಕೊಂಡು ಓಟು ಕೇಳಿದವರು ಮುಂದಿನ ಐದು ವರ್ಷ ಒಂದೇ ಜಮಖಾನೆಯ ಮೇಲೆ ಕೂತು ನೀರು, ದೀಪ, ದಾರಿ, ಮನೆಗಳ ವಿಚಾರ ತೀರ್ಮಾನಿಸಬೇಕು. ಲೈನ್ ಮನೆಗಳಿಂದಲೂ ಸದಸ್ಯರು ಆರಿಸಿ ಬರುತ್ತಾರೆ. ಆದುದರಿಂದ ಇಂದು ಈ ವಿಷಯವನ್ನೇ ಆರಿಸಿಕೊಂಡೆ.

ನಾನು ಗಡಿ ಸೀಮೆಯ ಸಾಸ್ತೂರಿನ ಕಡೆಯವನು. ಮೊದಲು ಅದು ನಿಜಾಮರ ರಾಜ್ಯ, 1956ರಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿತು, 1960ರಿಂದ ಮಹಾರಾಷ್ಟ್ರ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಇವೆ, ಕಚೇರಿಯ ಕಾಗದವೆಲ್ಲ ಮರಾಠಿ. ನಿಮ್ಮ ಹಾಗೆ ಕಾಫಿ ತೋಟವಿಲ್ಲ. ತೊಗರಿ, ಸೋಯಾ ಬೆಳೆಯುವ ಕರಿನೆಲ, ಕಬ್ಬು ಕಡಿಯಲು ಗುಳೆ ಹೋಗುವ ಜನ. ಆದರೂ ಅಲ್ಲಿಯ ಸಂಗತಿ ನಿಮ್ಮ ಉಪಯೋಗಕ್ಕೆ ಬರುತ್ತದೆಂದು ಹೇಳುತ್ತಿದ್ದೇನೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಗಣಪತಿ ಕಳುಹಿಸಿ ಬಂದು ಮಲಗಿದ್ದ ಜನರ ಮೇಲೆ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಕುಸಿದವು. ಲಾತೂರ್ ಜಿಲ್ಲೆಯ ಕಿಲ್ಲಾರಿ, ಆಗಿನ ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರು ತುಂಬ ಪೆಟ್ಟು ತಿಂದ ಊರುಗಳು. ಸತ್ತವರ ಸಂಖ್ಯೆ ಎಂಟು ಸಾವಿರದ ಆಚೀಚೆ ಎಂದು ಸರ್ಕಾರ, ಹತ್ತು ಸಾವಿರ ಎಂದು ಇತರರು ಹೇಳಿದರು. ಅದೇ ವರ್ಷದ ಏಪ್ರಿಲ್ 24ರಂದು ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿತ್ತು. ಮೂರರಲ್ಲಿ ಒಂದು ಸ್ಥಾನ ಹೆಂಗಸರಿಗೆ ಎಂದು ಆಗಿತ್ತು. ಹೀಗೆ ನಮ್ಮ ಸೀಮೆಯಲ್ಲಿ ಹೊಸ ಪಂಚಾಯತಿಯೂ ಹೊಸ ಊರೂ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದವು.

ಒಟ್ಟು 52 ಊರುಗಳನ್ನು ಹಳೆಯ ಜಾಗದಿಂದ ಎತ್ತಿ ಬೇರೆ ಕಡೆ ಕಟ್ಟಿದರು. ಮನೆಯ ಅಳತೆ ಜಮೀನಿನ ಮೇಲೆ ನಿಂತಿತು. ಭೂಮಿ ಇಲ್ಲದವರಿಗೂ ಒಂದು ಹೆಕ್ಟೇರ್ ಒಳಗಿನವರಿಗೂ 250 ಚದರ ಅಡಿ, ಏಳು ಹೆಕ್ಟೇರ್‌ವರೆಗೆ 450, ಅದಕ್ಕೂ ಮೇಲ್ಪಟ್ಟವರಿಗೆ 750. ಕೂಲಿಯವನ ಮನೆಯಲ್ಲಿ ಎಂಟು ಜನ ಇದ್ದರೂ 250, ದೊಡ್ಡ ರೈತನ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದಿದ್ದರೂ 750. ಇದು ನ್ಯಾಯವೇ ಎಂದು ನೀವು ಕೇಳಬಹುದು. ಅಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಇಂದಿನ ಮಾತು ಅದಲ್ಲ. ಯಾರು ಯಾವ ಅಳತೆಗೆ ಸೇರುತ್ತಾರೆ, ಮದುವೆಯಾದ ಮಗ ಬೇರೆ ಮನೆಯೋ ಅಪ್ಪನ ಮನೆಯೋ, ಈ ಪಟ್ಟಿ ಯಾರ ಕೈಯಲ್ಲಿ ಇತ್ತು ಎನ್ನುವುದೇ ಮಾತು.

ಫಲಾನುಭವಿಗಳ ಪಟ್ಟಿ ಊರ ಸಭೆಯ ಮುಂದೆ ಬರಬೇಕು, ಹೊಸ ಊರಿನ ಜಾಗ ಮತ್ತು ನಕ್ಷೆಯನ್ನು ಊರವರ ಜೊತೆ ಮಾತಾಡಿ ನಿಶ್ಚಯಿಸಬೇಕು ಎಂಬುದು ಆ ಕಾರ್ಯಕ್ರಮದ ಕ್ರಮ. ಪಟ್ಟಿಯನ್ನು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದರೆ ಜಗಳ ಆಗುತ್ತದೆ, ಇಂಥವನ ಹೆಸರು ಹೇಗೆ ಬಂತು, ಇಂಥವಳ ಹೆಸರು ಯಾಕೆ ಬಿಟ್ಟಿತು ಎಂದು ಕೂಗಾಟ ಆಗುತ್ತದೆ. ಪಟ್ಟಿ ಒಬ್ಬನ ಚೀಲದಲ್ಲಿ ಉಳಿದರೆ ಆ ದಿನ ಶಾಂತವಾಗಿ ಕಳೆಯುತ್ತದೆ. ಆದರೆ ಅಲ್ಲಿಂದ ಮುಂದೆ ಪ್ರತಿಯೊಬ್ಬನಿಗೂ ಪ್ರತಿಯೊಬ್ಬನ ಮೇಲೆ ಅನುಮಾನ. ಅನುಮಾನ ಇರುವ ಕಡೆ ಒಂಬತ್ತು ಮಂದಿ ಸದಸ್ಯರು ಕೂಡಿ ಒಂದು ಚರಂಡಿಯನ್ನೂ ಕಟ್ಟಿಸಲಾರರು. ಸದಸ್ಯರು ಕೂಡಿ ಕೆಲಸ ಮಾಡುವುದನ್ನು ಕಲಿಯುವುದು ಮನಸ್ಸು ಒಂದಾದ ಮೇಲೆ ಅಲ್ಲ, ಕಾಗದ ಎಲ್ಲರ ಮುಂದೆ ಬಿಚ್ಚಿಟ್ಟ ಮೇಲೆ. ನಾನು ಹೇಳಬಂದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಊರು ಎತ್ತಿ ಕಟ್ಟದೆ ಮನೆಗಳನ್ನು ರಿಪೇರಿ ಮಾಡಿಕೊಳ್ಳಬೇಕಾದ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೆಂಗಸರನ್ನೇ ಸಂವಾದ ಸಹಾಯಕರು ಎಂದು ನೇಮಿಸಿದರು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಈ ಕೆಲಸದ ಹಿಂದಿತ್ತು. ಎಷ್ಟು ಹಣ ಬರುತ್ತದೆ, ಎಷ್ಟು ಕಂತು, ಸಿಮೆಂಟಿಗೆ ಎಷ್ಟು, ಇದನ್ನು ಮನೆ ಮನೆಗೆ ಹೇಳುವುದು ಅವರ ಕೆಲಸ. ಸೆರಗು ಸರಿಪಡಿಸಿಕೊಳ್ಳುತ್ತ ಮೂಲೆಯಲ್ಲಿ ಕೂರುತ್ತಿದ್ದ ಹೆಣ್ಣುಮಕ್ಕಳು ಇಂಜಿನಿಯರನ್ನು ಹೆಸರು ಹಿಡಿದು ಪ್ರಶ್ನೆ ಕೇಳುವ ಹಾಗಾಯಿತು. ಅವರಿಗೆ ಧೈರ್ಯ ತುಂಬಿದ್ದು ಭಾಷಣ ಅಲ್ಲ, ಕೈಯಲ್ಲಿದ್ದ ಲೆಕ್ಕ.

ಈಗ ಮಹಾರಾಷ್ಟ್ರದ ಇಂದಿನ ಪರಿಸ್ಥಿತಿ ಹೇಳುತ್ತೇನೆ. ಅಲ್ಲಿ ಗ್ರಾಮ ಪಂಚಾಯತಿಗೆ ಜನಸಂಖ್ಯೆ ನೋಡಿ 7ರಿಂದ 17 ಸದಸ್ಯರು. ಪಕ್ಷದ ಚಿಹ್ನೆ ಇಲ್ಲ, ಆದರೆ ಪ್ಯಾನೆಲ್ ಕಟ್ಟಿಕೊಂಡು ನಿಲ್ಲುತ್ತಾರೆ. ಸರಪಂಚರನ್ನು ಮೊದಲು ಸದಸ್ಯರೇ ಆರಿಸುತ್ತಿದ್ದರು. 2017ರಲ್ಲಿ ಜನರೇ ನೇರವಾಗಿ ಆರಿಸುವ ಪದ್ಧತಿ ತಂದರು, 2020ರಲ್ಲಿ ತೆಗೆದರು, 2022ರಲ್ಲಿ ಮತ್ತೆ ತಂದರು. ಇದರಿಂದ ಏನಾಯಿತು ನೋಡಿ. ಎಷ್ಟೋ ಕಡೆ ಸರಪಂಚರು ಒಂದು ಪ್ಯಾನೆಲಿನವರು, ಹೆಚ್ಚು ಸದಸ್ಯರು ಎದುರು ಪ್ಯಾನೆಲಿನವರು. ಉಪಸರಪಂಚರನ್ನು ಮಾತ್ರ ಸದಸ್ಯರು ಮೊದಲ ಸಭೆಯಲ್ಲಿ ಆರಿಸುತ್ತಾರೆ, ಅಲ್ಲೇ ಮೊದಲ ಕುಸ್ತಿ. ಜನ ನೇರವಾಗಿ ಆರಿಸಿದ ಸರಪಂಚರನ್ನು ಸದಸ್ಯರಷ್ಟೇ ಸೇರಿ ಇಳಿಸಲಾಗದು, ಆ ಮಾತು ಗ್ರಾಮಸಭೆಯ ಮುಂದೂ ಹೋಗಬೇಕು. ಸರಪಂಚರಿಗಾದರೋ ಸದಸ್ಯರ ಠರಾವಿಲ್ಲದೆ ಕೆಲಸ ಸಾಗದು. ಒಬ್ಬರನ್ನೊಬ್ಬರು ಬಿಡಿಸಿಕೊಳ್ಳಲು ಆಗದ ಹಾಗೆ ಕಟ್ಟಿಹಾಕಿದ ಎತ್ತುಗಳ ಜೋಡಿ ಅದು. ನಗರ ಪರಿಷತ್ತುಗಳಲ್ಲಿಯೂ ಅಧ್ಯಕ್ಷರನ್ನು ಜನರೇ ಆರಿಸುವ ಪದ್ಧತಿ ಬಂದಿರುವುದರಿಂದ ಅಲ್ಲಿಯೂ ಇದೇ ಫಜೀತಿ ಆಗಬಹುದು.

ನಿಮ್ಮ ಕರ್ನಾಟಕದಲ್ಲಿ ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ. ಅದಕ್ಕೆ ಬೇರೆ ರೋಗ ಅಂಟಿದೆ, ಆಯ್ಕೆಗೆ ಮೊದಲು ಸದಸ್ಯರನ್ನು ಬಸ್ಸು ಹತ್ತಿಸಿ ಪ್ರವಾಸ ಕರೆದೊಯ್ಯುವುದು ನಿಮಗೆ ಗೊತ್ತೇ ಇದೆ.

ಹಾಗಾದರೆ ಜಗಳವೇ ಬೇಡ, ಊರೆಲ್ಲ ಒಂದಾಗಿ ಅವಿರೋಧವಾಗಿ ಆರಿಸೋಣ ಎನ್ನುವವರಿದ್ದಾರೆ. ಕೇಳಲು ಚೆನ್ನ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಚುನಾವಣಾ ಆಯೋಗ ನಾಸಿಕ್ ಜಿಲ್ಲೆಯ ಉಮರಾಣೆ, ನಂದುರ್ಬಾರ್ ಜಿಲ್ಲೆಯ ಖೋಂಡಾಮಳಿ ಈ ಎರಡು ಊರುಗಳ ಪಂಚಾಯತಿ ಚುನಾವಣೆಯನ್ನೇ ರದ್ದು ಮಾಡಿತು. ಅಲ್ಲಿ ಸ್ಥಾನಗಳನ್ನು ಹರಾಜು ಹಾಕಿದ್ದರು. ಊರಿನ ಒಗ್ಗಟ್ಟು ಎಂಬ ಹೆಸರಿನಲ್ಲಿ ಹಣವುಳ್ಳವನು ಕೂಗಿದ ಬೆಲೆ ನಿಂತಿತು. ಕೂಲಿ ಮಾಡುವವರು ಒಗ್ಗಟ್ಟು ಎಂಬ ಪದ ಕೇಳಿದಾಗ ಅದನ್ನು ಯಾರು ಹೇಳುತ್ತಿದ್ದಾರೆ ಎಂದು ಒಮ್ಮೆ ತಲೆ ಎತ್ತಿ ನೋಡಬೇಕು. ಸಂಘದಲ್ಲಿ ನಾವು ಒಗ್ಗಟ್ಟು ಎಂದರೆ ಹೆಚ್ಚುಕಡಿಮೆ ಒಂದೇ ಕೂಲಿ ಪಡೆಯುವವರ ಒಗ್ಗಟ್ಟು. ಪಂಚಾಯತಿಯಲ್ಲಿ ಕೂರುವವರು ಹಾಗಲ್ಲ. ಅಲ್ಲಿ ತೋಟದ ಮಾಲೀಕರ ತಮ್ಮನೂ ಇರಬಹುದು, ಆ ತೋಟದಲ್ಲೇ ಹಾಜರಿ ಹಾಕಿಸಿಕೊಳ್ಳುವ ಹೆಂಗಸೂ ಇರಬಹುದು.

ಇಲ್ಲಿಗೆ ಮುಖ್ಯ ಸಂಗತಿ ಬಂತು. ವಾರವೆಲ್ಲ ಯಾರ ಎದುರು ತಲೆ ತಗ್ಗಿಸಿ ನಿಲ್ಲುತ್ತಾಳೋ ಅವರ ಎದುರಿಗೇ ಕುರ್ಚಿಯಲ್ಲಿ ಕೂತು ಆಕೆ ಈ ಕೆಲಸ ಆಗಕೂಡದು ಎಂದು ಹೇಳಬೇಕು. ಅವರು ಜೊತೆಗಾರ ಸದಸ್ಯರು, ಸರಿಸಮಾನರು ಎಂದು ಕಾಯ್ದೆ ಹೇಳುತ್ತದೆ. ಸಭೆ ಮುಗಿದ ಮರುದಿನ ಬೆಳಗ್ಗೆ ರೈಟರು ಹಾಜರಿ ಕೂಗುವಾಗ ಕಾಯ್ದೆ ಪಕ್ಕದಲ್ಲಿ ನಿಂತಿರುವುದಿಲ್ಲ. ಇಂಥ ಸದಸ್ಯೆಗೆ ಧೈರ್ಯವಾಗಿ ಮಾತಾಡು ತಾಯಿ ಎಂದು ಹೇಳಿ ಕಳುಹಿಸುವುದು ಸುಲಭ. ಆಕೆಯ ವಾರ್ಡಿನ ಹತ್ತು ಮಂದಿ ವಾರ್ಡು ಸಭೆಯಲ್ಲಿ ನಮಗೆ ಇಂತಿಂಥದು ಬೇಕು ಎಂದು ಬರೆಸಿ, ಆ ಕಾಗದವನ್ನು ಆಕೆಯ ಕೈಗೆ ಕೊಟ್ಟರೆ, ಅದು ಆಕೆಯ ಮಾತಾಗುವುದಿಲ್ಲ, ವಾರ್ಡಿನ ಮಾತಾಗುತ್ತದೆ. ಮರುದಿನ ಯಾರಾದರೂ ಗುರಾಯಿಸಿದರೆ ಹತ್ತು ಮಂದಿಯನ್ನೂ ಗುರಾಯಿಸಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಗ್ರಾಮಸಭೆಗೆ ಮೊದಲು ಹೆಂಗಸರದೇ ಸಭೆ ನಡೆಯಬೇಕೆಂದು ಕಾಯ್ದೆಯಲ್ಲೇ ಇದೆ. ಇಲ್ಲಿ ನಿಮ್ಮ ವಾರ್ಡು ಸಭೆ ಅದೇ ಕೆಲಸಕ್ಕೆ ಬರುತ್ತದೆ, ಅದನ್ನು ಬಿಡಬೇಡಿ.

ಸಭೆಯ ನೋಟೀಸು ಬಂದಾಗ ಅದರಲ್ಲಿ ಏನೇನು ವಿಷಯ ಇದೆ ಎಂದು ಓದಿಸಿಕೊಳ್ಳಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ಬೇರೆ, ನಡವಳಿ ಪುಸ್ತಕ ಬರೆಯುವುದು ಬೇರೆ. ಸಭೆ ಆದ ಮೇಲೆ ಖಾಲಿ ಬಿಟ್ಟ ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡು ಆಮೇಲೆ ತುಂಬಿಕೊಳ್ಳುವ ಚಾಳಿ ಕೆಲವು ಕಡೆ ಇದೆ. ಹಾಕಬೇಡಿ. ಬರೆದದ್ದನ್ನು ಅಲ್ಲಿಯೇ ಗಟ್ಟಿಯಾಗಿ ಓದಿ ಎಂದು ಕೇಳಿ. ನಮ್ಮ ಕಡೆ ಮರಾಠಿಯಲ್ಲಿ ಬರೆದದ್ದನ್ನು ಕನ್ನಡ ಮನೆಮಾತಿನವರು ಓದಿಸಿ ಕೇಳಬೇಕಾದ ಹಾಗೆ, ನಿಮ್ಮ ಲೈನುಗಳಲ್ಲಿ ತಮಿಳು, ತುಳು, ಮಲಯಾಳ ಆಡುವವರು ಇದ್ದಾರೆ. ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದರೆ ಮರ್ಯಾದೆ ಹೋಗುವುದಿಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಎದ್ದು ಹೊರಗೆ ಹೋಗಬೇಡಿ, ಹೊರಗೆ ಹೋದವರ ಹೆಸರು ಪುಸ್ತಕದಲ್ಲಿ ಉಳಿಯುವುದಿಲ್ಲ. ಕೂತೇ ಇದ್ದು, ನನ್ನ ವಿರೋಧ ಬರೆಯಿರಿ ಎನ್ನಿ. ಬರೆದ ವಿರೋಧದ ಮೇಲೆ ನಾಳೆ ಮಾತು ಮುಂದುವರಿಯುತ್ತದೆ. ಬರೆಯದ ವಿರೋಧ ಚಹಾದ ಅಂಗಡಿಯಲ್ಲಿ ಚಾಡಿಯಾಗಿ ತಿರುಗುತ್ತದೆ.

ಹಣದ ಮಾತು. ಈಗ ಚೆಕ್ಕು ಬರೆಯುವ ಕಾಲ ಹೋಯಿತು. ಸರಪಂಚ ಮತ್ತು ಗ್ರಾಮ ಪಂಚಾಯತಿ ಅಧಿಕಾರಿ, ನಿಮ್ಮಲ್ಲಿ ಅಧ್ಯಕ್ಷರು ಮತ್ತು ಪಿ.ಡಿ.ಓ., ಇವರಿಬ್ಬರ ಡಾಂಗಲ್ ಹಾಕಿ ಕಂಪ್ಯೂಟರಿನಲ್ಲಿ ಒತ್ತಿದರೆ ಹಣ ಹೋಗುತ್ತದೆ. ಕೂಲಿ ಮಾಡುವ ಹೆಣ್ಣುಮಗಳು ಮೀಸಲಾತಿಯಲ್ಲಿ ಅಧ್ಯಕ್ಷೆಯಾದರೆ ಆ ಡಾಂಗಲ್ ಗಂಡನ ಕಿಸೆಯಲ್ಲೋ, ಗುತ್ತಿಗೆದಾರನ ಕಿಸೆಯಲ್ಲೋ ಇರುವುದುಂಟು. ಕರ್ನಾಟಕದಲ್ಲಿ 2010ರಿಂದ, ಮಹಾರಾಷ್ಟ್ರದಲ್ಲಿ 2011ರಿಂದ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಅರ್ಧ ಕುರ್ಚಿ ಸಿಕ್ಕಿ ಡಾಂಗಲ್ ಸಿಗದಿದ್ದರೆ ಏನು ಬಂತು? 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ ನೂರಕ್ಕೆ 60 ರೂಪಾಯಿ ನೀರು ಮತ್ತು ಸ್ವಚ್ಛತೆಗೇ ಕಟ್ಟಿಟ್ಟದ್ದು. ಇದು ತಿಳಿಯದ ಸದಸ್ಯರು ಪೂರ್ತಿ ನೂರಕ್ಕೂ ಜಗಳವಾಡಿದರು. ನನ್ನ ವಾರ್ಡಿಗೆ ರಸ್ತೆ, ನಿನ್ನ ವಾರ್ಡಿಗೆ ರಸ್ತೆ ಎಂದು ಕಾದಾಡಿದ ಹಣ ರಸ್ತೆಗೆ ಬರುವ ಹಾಗೆಯೇ ಇರಲಿಲ್ಲ. ಲೆಕ್ಕದ ಹಾಳೆ ಮೊದಲ ಸಭೆಯಲ್ಲೇ ಎಲ್ಲರ ಕೈಗೆ ಬಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಲೈನ್ ಮನೆಯ ವಿಚಾರ ಇನ್ನೂ ಕಷ್ಟದ್ದು. 1951ರ ತೋಟ ಕಾರ್ಮಿಕ ಕಾಯ್ದೆ ಮನೆ, ಕುಡಿಯುವ ನೀರು, ಕಕ್ಕಸು ಇವನ್ನು ಮಾಲೀಕರ ಹೊಣೆ ಮಾಡಿತ್ತು. ಆಗಿನಿಂದ ಪಂಚಾಯತಿ, ಅದು ಖಾಸಗಿ ಜಾಗ, ನಾವು ಕೈಹಾಕುವ ಹಾಗಿಲ್ಲ ಎನ್ನುತ್ತದೆ. ಮಾಲೀಕರು, ಓಟು ಪಂಚಾಯತಿಗೆ ಹಾಕುತ್ತೀರಿ, ನಲ್ಲಿಯನ್ನೂ ಅಲ್ಲೇ ಕೇಳಿ ಎನ್ನುತ್ತಾರೆ. ಈ ಗಂಟು ಲೈನಿನಿಂದ ಬಂದ ಒಬ್ಬ ಸದಸ್ಯೆಯಿಂದ ಬಿಚ್ಚುವುದಿಲ್ಲ. ಊರಿನ ವಾರ್ಡುಗಳ ಸದಸ್ಯರ ಓಟೂ ಬೇಕು. ಅವರ ಊರಿನ ಕೆರೆಯ ಹೂಳು ಎತ್ತುವ ಠರಾವಿಗೆ ನೀವು ಕೈ ಎತ್ತಿದರೆ, ಲೈನಿನ ನೀರಿನ ಠರಾವಿಗೆ ಅವರು ಕೈ ಎತ್ತಲಿ ಎಂದು ಸಭೆಯಲ್ಲೇ, ಎಲ್ಲರ ಕಿವಿಗೆ ಬೀಳುವಂತೆ ಕೇಳಿ. ಇದನ್ನು ಕೊಳ್ಳುವ ಕೊಡುವ ವ್ಯಾಪಾರ ಎಂದು ಮೂಗು ಮುರಿಯುವವರಿದ್ದಾರೆ. ಮರೆಯಲ್ಲಿ ಮಾಡಿದರೆ ವ್ಯಾಪಾರ, ಸಭೆಯಲ್ಲಿ ಮಾಡಿದರೆ ಅದೇ ಪಂಚಾಯತಿ.

ಉಪದೇಶಿಯಾದವನು ಒಂದು ವಾಕ್ಯವನ್ನಾದರೂ ನೆನಪಿಸದೆ ಹೋಗಬಾರದು. ಪ್ರೇಷಿತರ ಕಾರ್ಯಕಲಾಪಗಳು 6ನೇ ಅಧ್ಯಾಯ ಮನೆಗೆ ಹೋಗಿ ಓದಿ. ದಿನನಿತ್ಯದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು ಗೊಣಗಾಟ ಎದ್ದಿತು. ಅಲ್ಲಿಯೂ ಭಾಷೆ, ಅಲ್ಲಿಯೂ ಪಟ್ಟಿ! ಸಭೆಯನ್ನು ಕರೆದು ಏಳು ಮಂದಿಯನ್ನು ಆರಿಸಿದರು. ಆ ಏಳು ಹೆಸರುಗಳನ್ನು ಗಮನವಿಟ್ಟು ನೋಡಿ, ಏಳೂ ಗ್ರೀಕ್ ಹೆಸರುಗಳೇ. ಗೊಣಗಿದವರ ಕಡೆಯವರಿಗೇ ಸೌಟು ಕೊಟ್ಟರು. ನಮ್ಮ ಎಷ್ಟೋ ಕಮಿಟಿಗಳಲ್ಲಿ ಗೊಣಗಿದವರನ್ನು ಮೊದಲು ಹೊರಗಿಡುತ್ತೇವೆ.

ಊಟಕ್ಕೆ ಗಂಟೆ ಆಯಿತು. ಊಟದ ಮೇಲೆ ಯಾರೂ ಮನೆಗೆ ಹೋಗಬೇಡಿ. ನಡವಳಿ ಪುಸ್ತಕದಂತೆ ಗೆರೆ ಎಳೆದ ಒಂದು ನೋಟು ಪುಸ್ತಕ ತಂದಿದ್ದೇನೆ. ಒಂಬತ್ತು ಮಂದಿ ಮುಂದೆ ಕೂತು ಲೈನಿನ ನೀರಿನ ಠರಾವನ್ನು ಹಿಡಿದು ಒಂದು ಸಭೆ ನಡೆಸಿ ತೋರಿಸಬೇಕು. ಐದು ಮಂದಿ ಹೆಂಗಸರು ಇರಲಿ, ಅಧ್ಯಕ್ಷೆಯೂ ಅವರಲ್ಲೇ ಒಬ್ಬರು. ಇಬ್ಬರು ಠರಾವಿಗೆ ವಿರೋಧವಾಗಿ ಮಾತಾಡಬೇಕು, ನಾಟಕಕ್ಕಲ್ಲ, ಸರಿಯಾದ ಕಾರಣ ಹುಡುಕಿಕೊಂಡು. ಬರೆಯುವ ಕೆಲಸಕ್ಕೆ ಹೈಸ್ಕೂಲು ಓದುವ ಹುಡುಗಿಯರಲ್ಲಿ ಯಾರಾದರೂ ಮುಂದೆ ಬನ್ನಿ.