ನೆರಳು ಹಿಡಿಯುವವರ ಅನ್ನ

ಛಾಯಾಗ್ರಾಹಕ ಎಂಬ ಪದವನ್ನು ಬಿಡಿಸಿದರೆ ನೆರಳನ್ನು ಹಿಡಿಯುವವನು ಎಂದಾಗುತ್ತದೆ. ನೆರಳನ್ನು ಹಿಡಿದು ಹೊಟ್ಟೆ ಹೊರೆಯುವುದು ಎಷ್ಟು ಕಠಿನವೆಂಬುದನ್ನು ನನಗೆ ತಿಳಿಸಿಕೊಟ್ಟವನು ನನ್ನದೇ ಒಬ್ಬ ಶಿಷ್ಯ.

ಆತ ಪದವಿ ಮುಗಿಸಿ, ಸರ್ಕಾರಿ ನೌಕರಿಗಾಗಿ ಕಾದು ಕೂರದೆ, ನಮ್ಮೂರ ಬಸ್ ನಿಲ್ದಾಣದ ಎದುರಿಗೆ ಸ್ಟುಡಿಯೊ ತೆರೆದ. 1994ರಲ್ಲಿ ನಮ್ಮ ಗೃಹಪ್ರವೇಶಕ್ಕೆ ಅವನನ್ನೇ ಕರೆಸಿದೆ. ಲೆಕ್ಕದ ಚೀಟಿ ಕಂಡಾಗ, "ಒಂದು ಗುಂಡಿ ಒತ್ತುವುದಕ್ಕೆ ಇಷ್ಟು ಹಣವೇನಯ್ಯಾ?" ಎಂದೆ. "ತಮಗೆ ತೋಚಿದಷ್ಟು ಕೊಡಿ ಸಾರ್" ಎಂದ. ಅರ್ಧ ಕೊಟ್ಟೆ. ಶಿಷ್ಯನಾದವನು ಗುರುವಿನೊಡನೆ ಚೌಕಾಸಿ ಮಾಡಲಾರನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕು ವರ್ಷಗಳ ಹಿಂದೆ ನನ್ನ ಪತ್ನಿ ತೀರಿಕೊಂಡಳು. ಮನೆಯಲ್ಲಿದ್ದ ಆಲ್ಬಂ ಗೆದ್ದಲು ಹಿಡಿದು ಹೋಗಿತ್ತು. ಅಳುಕುತ್ತಲೇ ಅವನ ಮಳಿಗೆಗೆ ಹೋದೆ. ಆತ ಕಪಾಟಿನಿಂದ ಇಸವಿ ಬರೆದ ಲಕೋಟೆಯೊಂದನ್ನು ತೆಗೆದು, ನೆಗೆಟಿವನ್ನು ಬೆಳಕಿಗೆ ಹಿಡಿದ. ಹೊಸ್ತಿಲ ಬಳಿ ನಗುತ್ತ ನಿಂತಿದ್ದಳು ನನ್ನಾಕೆ.

ಅಂದು ಗುಂಡಿಯ ಹಿಂದಿನ ಲೆಕ್ಕವನ್ನು ನಾನೇ ಕೇಳಿ ತಿಳಿದೆ. ಆಗ ಒಂದು ರೀಲಿಗೆ 36 ಚಿತ್ರ. ಚಿತ್ರ ಬಿದ್ದಿದೆಯೋ ಇಲ್ಲವೋ ಎಂಬುದು ತೊಳೆದ ಮೇಲೆಯೇ ತಿಳಿಯುತ್ತಿತ್ತು. ತಾಳಿ ಕಟ್ಟುವ ಗಳಿಗೆ ತಪ್ಪಿದರೆ ಮತ್ತೊಮ್ಮೆ ಕಟ್ಟಿಸುವಂತಿಲ್ಲ. ರೀಲು, ಕಾಗದ, ಸಹಾಯಕನ ಕೂಲಿ, ಮಳಿಗೆಯ ಬಾಡಿಗೆ ಕಳೆದು ಉಳಿದದ್ದೇ ಸಂಬಳ. ಆಷಾಢ, ಧನುರ್ಮಾಸಗಳಲ್ಲಿ ಮುಹೂರ್ತಗಳಿಲ್ಲ. ಹಸಿವಿಗೆ ಮಾತ್ರ ಅಂಥ ಪಂಚಾಂಗವಿಲ್ಲ. ಆ ದಿನಗಳಲ್ಲಿ ಕೈಹಿಡಿಯುತ್ತಿದ್ದುದು ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಚಿತ್ರಗಳು. "ಕ್ಯಾಮೆರಾ ಹಿಡಿಯುವುದಕ್ಕಿಂತ ಮುಂಚೆ, ಸುಗ್ಗಿಯಲ್ಲಿ ಬಂದ ಹಣವನ್ನು ಬಿಗಿಹಿಡಿಯಲು ಕಲಿಯಬೇಕು ಸಾರ್" ಎಂದ.

ಡಿಜಿಟಲ್ ಕ್ಯಾಮೆರಾ ಬಂದಾಗ ಕತ್ತಲಕೋಣೆಯ ವಿದ್ಯೆಗೆ ಬೆಲೆ ಹೋಯಿತು. ಕೊಡಕ್‌ನಂಥ ಮಹಾಸಂಸ್ಥೆಯೇ 2012ರಲ್ಲಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಇವನು ಸಾಲ ಮಾಡಿ ಹೊಸ ಉಪಕರಣ ಕೊಂಡ, ನಡುವಯಸ್ಸಿನಲ್ಲಿ ಕಂಪ್ಯೂಟರ್ ಕಲಿತ. ಅಷ್ಟರಲ್ಲಿ ಎಲ್ಲರ ಜೇಬಿಗೂ ಕ್ಯಾಮೆರಾ ಬಂದಿತ್ತು.

ಕಾನೂನಿನ ಆಸರೆಯೂ ಅವನಿಗೆ ಕಡಿಮೆಯೇ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು ತೆಗೆಸಿದವರದು. ಆದ್ದರಿಂದ ಈ ವೃತ್ತಿಗಿಳಿಯುವ ತರುಣರು ಒಪ್ಪಂದವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು, ಮುಂಗಡ ಪಡೆಯಬೇಕು. ದಾಕ್ಷಿಣ್ಯವೇ ಇಲ್ಲಿ ದೊಡ್ಡ ಸಾಲಗಾರ. ನನಗೆ ತಿಂಗಳು ತಿಂಗಳೂ ಪಿಂಚಣಿಯುಂಟು. ಅವನಿಗುಳಿದಿರುವುದು ಕಪಾಟಿನ ತುಂಬ ಪರರ ನಗೆ.

ಕೇಳುಗ ಬಂಧುಗಳೆ, ಹೊಸ ಚಿತ್ರದ ಬೆಲೆಯೊಂದಿಗೆ 1994ರ ಬಾಕಿಯನ್ನೂ ಮೇಜಿನ ಮೇಲಿಟ್ಟೆ. ಬೇಡವೆನ್ನುವನೆಂದು ಅಂಜಿದ್ದೆ. ಅವನು ಹಣವನ್ನು ಎಣಿಸಿ ಪೆಟ್ಟಿಗೆಗೆ ಹಾಕಿಕೊಂಡು, ಎರಡಕ್ಕೂ ರಸೀತಿ ಬರೆದುಕೊಟ್ಟ. ಆ ರಸೀತಿಯನ್ನು ಆಕೆಯ ಚಿತ್ರದ ಹಿಂದೆ ಸಿಕ್ಕಿಸಿಟ್ಟಿದ್ದೇನೆ.