ಅರವತ್ತಕ್ಕೆ ಅರಳುಮರಳು ಆಗಲೇಬೇಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟಿರುವ ವಿಷಯ ‘ಮಿದುಳಿನ ಆರೋಗ್ಯ’. ಕೆಚ್ಚಲು ಬಾವಿನ ವಿಷಯ ಪಶುವೈದ್ಯರಿಗೆ ಹೋಯಿತು, ಹಸಿರು ಮೇವಿನ ವಿಷಯವನ್ನು ಹಿರಿಯ ನಿರ್ದೇಶಕರು ತೆಗೆದುಕೊಂಡರು. ಕೊನೆಗೆ ಉಳಿದಿದ್ದು ಇದು. ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದ ನಾವು ಮಿದುಳಿನ ಬಗ್ಗೆ ಏನು ಹೇಳೋದು ಅಂತ ಮೊದಲು ಹಿಂಜರಿದೆವು. ಆಮೇಲೆ ಮನೆಗೆ ಹೋಗಿ ಯೋಚನೆ ಮಾಡಿದಾಗ, ಈ ವಿಷಯದಲ್ಲಿ ನಾವು ಹೇಳಬೇಕಾದ ಒಂದು ತಪ್ಪೊಪ್ಪಿಗೆಯೂ ಇದೆ ಅಂತ ಅನ್ನಿಸಿತು. ಅದಕ್ಕೇ ಒಪ್ಪಿಕೊಂಡೆವು.

ಮೈಸೂರಿನ ಲಷ್ಕರ್ ಮೊಹಲ್ಲಾ ನಿಮಗೆಲ್ಲ ಗೊತ್ತು. ಲಷ್ಕರ್ ಅಂದರೆ ದಂಡು, ಸೈನ್ಯ. ಈಗ ಅಲ್ಲಿರೋದು ವ್ಯಾಪಾರದ ದಂಡು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಶೋಕ ರಸ್ತೆ ಕಡೆ ನಡೆದರೆ ಬೆಳ್ಳಿ ಬಂಗಾರದ ಅಂಗಡಿ, ಗಿರವಿ ಅಂಗಡಿ, ಪಾತ್ರೆ, ಹಗ್ಗ, ಕಬ್ಬಿಣದ ಸಾಮಾನು, ಒಂದರ ಪಕ್ಕ ಒಂದು. ಆ ರಸ್ತೆ ಹಿಡಿದು ಮುಂದೆ ಹೋದರೆ ಸಂತ ಫಿಲೋಮಿನಾ ಚರ್ಚಿನ ಎರಡು ಗೋಪುರ ಕಾಣುತ್ತವೆ. ಅಲ್ಲಿ ಒಂದು ಗಳಿಗೆ ನಿಂತು ಕಿವಿ ಕೊಟ್ಟರೆ ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ ಎಲ್ಲಾ ಕೇಳುತ್ತೆ.

ಅಲ್ಲಿ ನಾವು ಹಗ್ಗ, ಮೂಗುದಾರ, ಕೊರಳ ಗಂಟೆ ತರೋ ಒಂದು ಹಳೇ ಅಂಗಡಿ ಇದೆ. ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. ಎರಡು ವರ್ಷದ ಹಿಂದೆ ಆರೂವರೆ ಕಿಲೋ ಹಗ್ಗ ತೂಕ ಹಾಕಿಸಿದೆವು. ಕಿಲೋಗೆ 180 ರೂಪಾಯಿ. ನಾವು ಜೇಬಿನಿಂದ ಮೊಬೈಲ್ ತೆಗೆದು ಗುಂಡಿ ಒತ್ತಿದೆವು. ಬಂದಿದ್ದು 11,700! ಎದೆ ಧಸಕ್ಕೆಂದಿತು. ಸಾಹೇಬರು ನಕ್ಕರು. “ಏಳು ಕಿಲೋಗೆ ಸಾವಿರದ ಇನ್ನೂರ ಅರವತ್ತು, ಅರ್ಧ ಕಿಲೋದು ತೊಂಬತ್ತು ಕಳೀರಿ ಯಜಮಾನ್ರೇ, ಸಾವಿರದ ನೂರ ಎಪ್ಪತ್ತು ಕೊಡಿ ಸಾಕು” ಅಂದರು. ನಾವು ಆರೂವರೆಯ ಚುಕ್ಕಿ ಬಿಟ್ಟು ಅರವತ್ತೈದು ಒತ್ತಿದ್ದೆವು. ಅಷ್ಟು ಹೊತ್ತಿಗೆ ಅವರು ಕೂಲಿಯವನಿಗೆ ತಮಿಳಿನಲ್ಲಿ ಮೂಟೆ ಇಳಿಸೋ ಜಾಗ ಹೇಳಿ, ಪಕ್ಕದ ಗಿರಾಕಿಗೆ ಉರ್ದುವಿನಲ್ಲಿ ದರ ಹೇಳಿ, ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ ಸಿಟ್ಟು ಮಾಡಿ ಆಗಿತ್ತು. ಅವರಿಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ಚಿಕ್ಕವರಾದ ನಾವು, ಕಾಲು ಮಗ್ಗಿ ಅರೆ ಮಗ್ಗಿ ಬಾಯಿಪಾಠ ಮಾಡಿದ್ದ ನಾವು, ಬೆಪ್ಪಾಗಿ ನಿಂತಿದ್ದೆವು.

ಬಸ್ಸಿನಲ್ಲಿ ಬರುವಾಗ ನಮಗೆ ನೆನಪಾಗಿದ್ದು ನಮ್ಮ ತಂದೆಯವರು.

ನಿಮ್ಮಲ್ಲಿ ಹಿರಿಯರಿಗೆ ಅವರ ನೆನಪಿದೆ. ಓದು ಬರಹ ಇಲ್ಲ, ಹೆಬ್ಬೆಟ್ಟು. ಆದರೆ ಊರಿನ ಮುಯ್ಯಾಳಿನ ಲೆಕ್ಕ ಅವರ ತಲೆಯಲ್ಲಿತ್ತು. ಯಾರ ಗದ್ದೆಗೆ ಯಾರು ಎಷ್ಟು ಆಳು ಬಂದರು, ಯಾರಿಂದ ಎಷ್ಟು ವಾಪಸು ಬರಬೇಕು, ಯಾವ ಹಸು ಯಾವ ತಿಂಗಳು ಗಬ್ಬ ನಿಂತಿತು, ಯಾರಿಗೆ ಎಷ್ಟು ಕೊಳಗ ರಾಗಿ ಕಡ ಕೊಟ್ಟಿದ್ದು, ಎಲ್ಲಾ. ಅರವತ್ತೈದು ದಾಟಿದ ಮೇಲೆ ಕಿವಿ ಮಂದವಾಯಿತು. ನಾವು ಪ್ರೀತಿಯಿಂದಲೇ, “ಇನ್ನೇನು ನಿಮಗೆ ಕಷ್ಟ, ಸುಮ್ಮನೆ ಕೂತ್ಕೊಳಿ ಅಪ್ಪಯ್ಯ” ಅಂತ ಹಸು ಹಗ್ಗ, ಲೆಕ್ಕ, ಸಂತೆ ಎಲ್ಲವನ್ನೂ ಅವರ ಕೈಯಿಂದ ಬಿಡಿಸಿದೆವು. ಮಾತು ಕೇಳಿಸದ್ದರಿಂದ ಅವರು ಜಗಲಿ ಮೇಲೆ ನಾಲ್ಕು ಜನರ ಜೊತೆ ಕೂರೋದನ್ನೂ ಬಿಟ್ಟರು. ನಾವು ಗಮನಿಸಲೇ ಇಲ್ಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಐವತ್ತು ವರ್ಷ ತಿರುಗಾಡಿದ ಕಾಲುವೆ ದಾರಿಯಲ್ಲಿ ಮನೆ ಯಾವ ಕಡೆ ಅಂತ ತಿಳಿಯದೆ ನಿಂತಿದ್ದರು. ಯಾರೋ ಹುಡುಗರು ಕರೆದುಕೊಂಡು ಬಂದರು. “ಅರವತ್ತಕ್ಕೆ ಅರಳುಮರಳು” ಅಂತ ಎಲ್ಲರೂ ಹೇಳಿದರು. ನಾವೂ ಹಾಗೇ ಅಂದುಕೊಂಡು ಇನ್ನೊಂದು ವರ್ಷ ಸುಮ್ಮನಿದ್ದೆವು.

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಪ್ರಶ್ನೆಗಳು ನಮಗೆ ಇವತ್ತಿಗೂ ಚುಚ್ಚುತ್ತವೆ. ಕಿವಿ ಯಾವಾಗಿನಿಂದ ಕೇಳಿಸುತ್ತಿಲ್ಲ? ಬಿ.ಪಿ. ಯಾವತ್ತಾದರೂ ನೋಡಿಸಿದ್ದೀರಾ? ದಿನವಿಡೀ ಏನು ಮಾಡುತ್ತಾರೆ, ಯಾರ ಜೊತೆ ಮಾತಾಡುತ್ತಾರೆ? ಒಂದಕ್ಕೂ ನಮ್ಮ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ. ಸುಮ್ಮನೆ ಕೂರಿಸಿದ್ದಕ್ಕೇ ಹೀಗಾಯಿತು ಅಂತ ಡಾಕ್ಟರು ಹೇಳಲಿಲ್ಲ. ಈ ಕಾಯಿಲೆ ಬರೋರಿಗೆ ಏನು ಮಾಡಿದರೂ ಬರಬಹುದು, ವಯಸ್ಸು ಮತ್ತು ರಕ್ತಸಂಬಂಧದ ಪಾಲೂ ಇರುತ್ತೆ ಅಂದರು. ಆದರೆ ತಡವಾಗಿ ಬರುವ ಹಾಗೆ ಮಾಡೋಕೆ ಕೆಲವು ದಾರಿ ಇದ್ದವು, ಆ ದಾರಿಗಳನ್ನು ನಾವೇ ಒಂದೊಂದಾಗಿ ಮುಚ್ಚಿದ್ದೆವು. ನಾವು ಆಗಲೇ ಹೇಳಿದ ತಪ್ಪೊಪ್ಪಿಗೆ ಇದೇ.

ಆಮೇಲೆ ಈ ವಿಷಯ ಎಲ್ಲಿ ಕಂಡರೂ ಓದೋಕೆ ಶುರು ಮಾಡಿದೆವು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆ ಬಂದ 648 ಜನರ ವಿವರ ನೋಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು! ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಇನ್ನೂ ಹೆಚ್ಚು ಲಾಭ ಅನ್ನೋದು ಮಾತ್ರ ಅಲ್ಲಿ ಕಾಣಲಿಲ್ಲ. ಬೇರೆ ಕಡೆಯ ಎಲ್ಲಾ ಅಧ್ಯಯನಗಳೂ ಇದನ್ನೇ ಹೇಳುತ್ತವೆ ಅಂತಲೂ ಇಲ್ಲ. ಆದರೂ ಯೋಚನೆ ಮಾಡಿ ನೋಡಿ. ಒಂದು ಭಾಷೆ ಆಡುವಾಗ ಇನ್ನೊಂದನ್ನು ತಡೆದು ಹಿಡಿಯಬೇಕು, ಎದುರಿನವರ ಮುಖ ನೋಡಿ ಭಾಷೆ ಬದಲಾಯಿಸಬೇಕು. ಅದು ತಲೆಗೆ ದಿನಾ ಆಗುವ ಸಾಮು. ಲಷ್ಕರ್ ಮೊಹಲ್ಲಾದ ಸಾಹೇಬರು ಐವತ್ತು ಅರವತ್ತು ವರ್ಷದಿಂದ ಗರಡಿಮನೆ ಅಂತ ಗೊತ್ತಿಲ್ಲದೆಯೇ ಗರಡಿಯಲ್ಲಿ ಕೂತಿದ್ದಾರೆ ಅಂತ ನಮಗೆ ಅನ್ನಿಸಿತು.

ಮೈಸೂರಿನಲ್ಲೇ ಇನ್ನೊಂದು ಕೆಲಸ ನಡೆದಿದೆ. ಲಷ್ಕರ್ ಮೊಹಲ್ಲಾದ ಪಕ್ಕ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನೋದು, 1906ರಲ್ಲಿ ಶುರುವಾಗಿದ್ದು. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆಯನ್ನು 1934ರಿಂದಲೇ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ಬೆಳೆದು ಮುದುಕರಾದ ಮೇಲೆ ಅವರನ್ನು ಹುಡುಕಿ ನೆನಪಿನ ಶಕ್ತಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಚೆನ್ನಾಗಿ ಬೆಳೆದಿದ್ದವರು ಮುಪ್ಪಿನಲ್ಲೂ ಒಂದಿಷ್ಟು ಚೆನ್ನಾಗಿ ಉತ್ತರ ಕೊಟ್ಟರು. ಅದರ ಜೊತೆಗೆ ಓದು ಮತ್ತು ಮನೆಯ ಅನುಕೂಲದ ಪ್ರಭಾವವೂ ಇತ್ತು. ಅಂದರೆ ಬಸುರಿ ಹೆಂಗಸಿಗೆ ಇವತ್ತು ಕೊಡುವ ಒಂದು ಲೋಟ ಹಾಲಿನ ಲೆಕ್ಕ ಎಲ್ಲೆಲ್ಲಿಗೋ ಹೋಗುತ್ತೆ. ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯವರಿಗೆ ಕರೀ ಕಾಫಿ ಕೊಡುವ ಸದಸ್ಯರು ಇಲ್ಲಿ ಕೂತಿದ್ದೀರಿ, ಸಂಘದ ನಿರ್ದೇಶಕರಾಗಿ ನಾವು ಹೀಗೆ ಹೇಳಬಾರದು, ಆದರೂ ಹೇಳ್ತೀವಿ, ಮೊದಲು ಮನೆಗೆ ಇಟ್ಟುಕೊಳ್ಳಿ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ನಮ್ಮಂಥ ಹಳ್ಳಿಯವರನ್ನೇ, 45 ದಾಟಿದವರನ್ನು, ವರ್ಷಗಟ್ಟಲೆ ನೋಡಿಕೊಂಡು ಹೋಗುವ ಕೆಲಸ ಹಮ್ಮಿಕೊಂಡಿದ್ದಾರೆ. ಹತ್ತು ಸಾವಿರ ಜನರ ಗುರಿ. ನಲವತ್ತೈದರಿಂದಲೇ ಯಾಕೆ ಅಂದರೆ, ಮರೆವು ಎದ್ದು ಕಾಣೋದಕ್ಕೆ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತಂತೆ. ಇದನ್ನು ಓದಿ ನಮ್ಮ ವಯಸ್ಸು ಲೆಕ್ಕ ಹಾಕಿಕೊಂಡು ಸ್ವಲ್ಪ ಹೆದರಿದ್ದೂ ನಿಜ.

ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ, ನಾವು ಕೈಹಾಕಿ ಸರಿ ಮಾಡಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಅವನ್ನೆಲ್ಲ ಸರಿಪಡಿಸಿದರೆ ಮರೆವಿನ ಕಾಯಿಲೆಯಲ್ಲಿ ನೂರಕ್ಕೆ ನಲವತ್ತೈದರಷ್ಟನ್ನು ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಅಂತ ಅವರ ಅಂದಾಜು. ಪೂರ್ತಿ ಪಟ್ಟಿ ಓದಲ್ಲ. ಕಡಿಮೆ ಓದು, ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹೆಂಡ, ಒಂಟಿಯಾಗಿ ಇರೋದು, ತಲೆಗೆ ಪೆಟ್ಟು, ಎಲ್ಲಾ ಇವೆ. ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೆಲ್ಮೆಟ್ ಇಲ್ಲದೆ ಹಾರಿಬರುವ ಹುಡುಗರು ಆ ಕೊನೇದನ್ನು ಕೇಳಿಸಿಕೊಳ್ಳಿ. ನಮ್ಮ ಕಣ್ಣು ನಿಂತಿದ್ದು ಕಿವಿ ಅನ್ನೋ ಮಾತಿನ ಮೇಲೆ. ಕಿವಿ ಕೇಳಿಸದಿರುವುದೂ ಆ ಪಟ್ಟಿಯಲ್ಲಿ ದೊಡ್ಡ ಕಾರಣಗಳಲ್ಲೊಂದು. ಮಾತು ಒಳಗೆ ಹೋಗದಿದ್ದರೆ ಮಿದುಳಿಗೆ ಕೆಲಸ ಇಲ್ಲ, ಜನರ ಸಹವಾಸವೂ ತಪ್ಪುತ್ತೆ. ಕಿವಿ ಪರೀಕ್ಷೆಗೆ ನಾವು ಡೆಲ್ಲಿ ಬಾಂಬೆಗೆ ಹೋಗಬೇಕಾಗಿಲ್ಲ. ಇಡೀ ದೇಶಕ್ಕೆ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಹಗ್ಗಕ್ಕೆ ಲಷ್ಕರ್ ಮೊಹಲ್ಲಾಕ್ಕೆ ಹತ್ತು ಸಲ ಹೋದ ನಾವು ತಂದೆಯವರನ್ನು ಅಲ್ಲಿಗೆ ಒಂದು ಸಲ ಕರೆದುಕೊಂಡು ಹೋಗಲಿಲ್ಲ.

ಇನ್ನು ಮಿದುಳಿಗೆ ಕೆಲಸ ಕೊಡುವ ಮಾತು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನೋದಕ್ಕೆ ಊರ ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಗೀಚಿರುವ ಹುಲಿ ಕುರಿ ಮನೆಯನ್ನು ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟಗಳಲ್ಲಿ ಎಷ್ಟು ಮುಳುಗಿದ್ದರೆಂದರೆ, ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ತಾವೇ ಕಂಡುಹಿಡಿದಿದ್ದರು. ಅವರ ಕಾಲದ ಆಟದ ಮಣೆಗಳ ಚಿತ್ರ ಜಗನ್ಮೋಹನ ಅರಮನೆಯ ಗೋಡೆಯ ಮೇಲಿದೆ. ರಾಜರಿಗೆ ಪುರುಸೊತ್ತಿತ್ತು ಬಿಡಿ ಅನ್ನಬಹುದು. ಆದರೆ ನಮ್ಮ ಅಜ್ಜಿ ಅಳಿಗುಳಿ ಮಣೆ ಮುಂದೆ ಕೂತರೆ, ಹದಿನಾಲ್ಕು ಗುಳಿಯಲ್ಲಿ ಯಾವುದರಲ್ಲಿ ಎಷ್ಟು ಹುಣಸೆ ಬೀಜ ಇದೆ, ಇಲ್ಲಿಂದ ಎತ್ತಿ ಹಾಕಿದರೆ ಎಲ್ಲಿ ಬರಿದಾಗುತ್ತೆ ಅಂತ ಕೈ ಹಾಕುವ ಮೊದಲೇ ಹೇಳೋರು. ಚೌಕಾಬಾರದಲ್ಲಿ ಕವಡೆ ಬೀಳೋದು ಅದೃಷ್ಟ, ಯಾವ ಕಾಯಿ ನಡೆಸಬೇಕು ಅನ್ನೋದು ಬುದ್ಧಿ. ಅದಕ್ಕಿಂತ ಮುಖ್ಯ, ಎದುರಿಗೆ ಒಬ್ಬರು ಕೂತಿರಬೇಕು, ಜಗಳ ಆಗಬೇಕು, ನಗಬೇಕು.

ಮೊಬೈಲಿನಲ್ಲಿ ಮಿದುಳು ಚುರುಕಾಗಿಸುವ ಆಟ ಬಂದಿವೆಯಲ್ಲ ಅಂತ ನಮ್ಮ ಮಗ ಕೇಳಿದ. ಇಂಗ್ಲೆಂಡಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರಿಗೆ ಕಂಪ್ಯೂಟರಿನಲ್ಲಿ ಆರು ವಾರ ಅಂಥ ಆಟ ಆಡಿಸಿ 2010ರಲ್ಲಿ ಫಲಿತಾಂಶ ಹೇಳಿದರು. ಆಡಿದ ಆಟದಲ್ಲಿ ಜನ ಚುರುಕಾದರು, ಬೇರೆ ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅಮೆರಿಕದಲ್ಲಿ ವಯಸ್ಸಾದ 2,800ಕ್ಕೂ ಹೆಚ್ಚು ಜನರಿಗೆ ಕ್ರಮವಾಗಿ ಪಾಠದ ಹಾಗೆ ತರಬೇತಿ ಕೊಟ್ಟಾಗ ಮಾತ್ರ ಕೆಲವು ವಿಷಯಗಳಲ್ಲಿ ಹತ್ತು ವರ್ಷದ ನಂತರವೂ ಗುಣ ಉಳಿದಿತ್ತು. ಆದ್ದರಿಂದ ಬೇಡ ಅಂತ ನಾವು ಹೇಳಲ್ಲ, ಅದೊಂದನ್ನೇ ನಂಬಬೇಡಿ ಅಂತೀವಿ. ಜಾತ್ರೆಯಲ್ಲಿ ಮಾರುವ ನೆನಪಿನ ಟಾನಿಕ್ಕಿಗೆ ದುಡ್ಡು ಸುರಿಯೋದಂತೂ ಬೇಡ. ಒಂದೆಲಗದ ಚಟ್ನಿ ಮಾಡಿ ತಿನ್ನಿ, ರುಚಿಗಂತೂ ಮೋಸವಿಲ್ಲ.

ಈಗ ನಮ್ಮ ಡೇರಿಯಲ್ಲೇ ನಡೆದದ್ದು ಒಂದನ್ನು ಹೇಳಬೇಕು. ಹೆಸರು ಹೇಳಬೇಡ ಅಂತ ಆ ತಾಯಿ ಅಪ್ಪಣೆ ಮಾಡಿದ್ದಾರೆ, ಇಲ್ಲೇ ಮುಂದೆ ಕೂತಿದ್ದಾರೆ. ಐವತ್ತೆಂಟು ವರ್ಷದವರೆಗೆ ಅವರಿಗೆ ಅಂಕಿಯ ಗುರುತಿರಲಿಲ್ಲ. ಮೊಮ್ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಸ್ಲೇಟಿನ ಪಕ್ಕ ಕೂತು, ಹಾಲಿನ ಚೀಟಿಯನ್ನೇ ಪುಸ್ತಕ ಮಾಡಿಕೊಂಡು ಕಲಿತರು. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದುಡ್ಡು ಎಷ್ಟು. ಎರಡು ವರ್ಷವಾದ ಮೇಲೆ ಒಂದು ಬೆಳಗ್ಗೆ ಚೀಟಿ ಹಿಡಿದು ಅಲ್ಲೇ ನಿಂತರು. ದಿನಾ 4.1 ಬರುತ್ತಿದ್ದ ಫ್ಯಾಟು ಅವತ್ತು 3.4. ನಾವು ಪಕ್ಕದಲ್ಲೇ ಇದ್ದೆವು. “ಮೇವು ಬದಲಾಗಿರ್ಬೇಕು ಕಣಮ್ಮ” ಅಂದೆವು, ಚೀಟಿಯನ್ನು ಪೂರ್ತಿ ನೋಡದೆ. ಅವರು, “ಅಲ್ಲ ಕಣಪ್ಪ ಡೈರೆಕ್ಟ್ರೇ, ಹಸ ಅದೇ, ಹುಲ್ಲು ಅದೇ, ಹಿಂಡಿ ಅದೇ. ಈ ಚೀಟೀಲಿ ನನ್ ನಂಬ್ರ ಎಲ್ಲೈತೆ, ತೋರ್ಸು” ಅಂದರು. ನೋಡಿದರೆ ಅವರ ಸದಸ್ಯ ಸಂಖ್ಯೆ 214, ಚೀಟಿಯಲ್ಲಿ ಬಂದಿದ್ದು 241. ಒತ್ತುವಾಗ ಅಂಕಿ ಹಿಂದು ಮುಂದಾಗಿತ್ತು. ತಕ್ಷಣ ಸರಿ ಮಾಡಿಕೊಟ್ಟೆವು. ಹತ್ತನೇ ಕ್ಲಾಸು ಓದಿದ ನಿರ್ದೇಶಕರ ಕಣ್ಣಿಗೆ ಬೀಳದಿದ್ದು, ಸ್ಲೇಟಿನಲ್ಲಿ ಕಲಿತವರ ಕಣ್ಣಿಗೆ ಬಿತ್ತು. ಅವರು ಈಗ ಬಸ್ಸಿನ ಬೋರ್ಡು ಓದುತ್ತಾರೆ. ಮೈಸೂರಿಗೆ ಒಬ್ಬರೇ ಹೋಗಿ ಬರುತ್ತಾರೆ.

1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಹಳ್ಳಿ ಹಳ್ಳಿಗೆ ಬಂದು ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. 1940ರ ದಶಕದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ರಾತ್ರಿ ಶಾಲೆ ನಡೆಸಿ, ಹೊಸದಾಗಿ ಅಕ್ಷರ ಕಲಿತವರಿಗಾಗಿಯೇ ‘ಬೆಳಕು’ ಅಂತ ವಾರಪತ್ರಿಕೆ ತಂದಿತು. ಆಗ ಕರೆಂಟು ಇರಲಿಲ್ಲ, ರಸ್ತೆ ಇರಲಿಲ್ಲ. ಈಗ ನಮ್ಮ ಸಂಘದಲ್ಲಿ ಕರೆಂಟಿದೆ, ಸಂಜೆ ಹಾಲು ಅಳೆದ ಮೇಲೆ ಖಾಲಿ ಬಿದ್ದಿರುವ ಒಂದು ಕೋಣೆ ಇದೆ.

ಆ ಕೋಣೆಯ ವಿಷಯವನ್ನು ನಾವು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೆವು, ಮಂಡಳಿ ಒಪ್ಪಿದೆ. ಎರಡು ದಿನಪತ್ರಿಕೆ ಬರುತ್ತೆ. ಓದಲು ಬಾರದವರಿಗೆ ಶಾಲೆಯ ಮಕ್ಕಳು ಸರದಿ ಪ್ರಕಾರ ಓದಿ ಹೇಳುತ್ತಾರೆ, ಹಿರಿಯರು ಪ್ರತಿಯಾಗಿ ಮಕ್ಕಳಿಗೆ ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಹೇಳಿಕೊಡಬೇಕು. ಒಂದು ಚದುರಂಗ, ಎರಡು ಚೌಕಾಬಾರದ ಹಾಸು ತಂದಿಟ್ಟಿದ್ದೇವೆ. ಅಳಿಗುಳಿ ಮಣೆ ನಮ್ಮ ಮನೆಯದೇ, ಅಜ್ಜಿಯದು, ಒಂದು ಮೂಲೆ ಸೀಳಿದೆ, ಜೋಪಾನವಾಗಿ ಬಳಸಿ. ಇಸ್ಪೀಟಿಗೆ ಅವಕಾಶ ಇಲ್ಲ, ಯಾಕೆ ಅಂತ ಎಲ್ಲರಿಗೂ ಗೊತ್ತು. ಕಿವಿ ಮಂದವಾದ ಹಿರಿಯರು ಇರುವ ಮನೆಯವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಹತ್ತು ಜನ ಆದರೆ ಒಂದು ಟೆಂಪೋ ಮಾಡಿಕೊಂಡು ಮಾನಸಗಂಗೋತ್ರಿಗೆ ನಾವೇ ಕರೆದುಕೊಂಡು ಹೋಗ್ತೀವಿ. ಇಲ್ಲಿಯವರೆಗೆ ಆರು ಹೆಸರು ಬಂದಿವೆ.

ಸೋಮವಾರ ಸಂಜೆ ಏಳು ಗಂಟೆಗೆ ಬಾಗಿಲು ತೆಗೆಯುತ್ತೆ. ಬೀಗದ ಕೈ 214ನೇ ನಂಬರಿನ ಸದಸ್ಯರ ಹತ್ತಿರ ಇರುತ್ತೆ.