ಒಣಗಿದ ಲೇನಿಗೆ ಯಾವ ಚೆಂಡು?

(ನಮ್ಮ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಬೌಲಿಂಗ್ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಏನು, ಕ್ರಿಕೆಟ್ಟಾ?" ಎಂದು ಕೇಳಿದರು. ಕ್ರಿಕೆಟ್ ಅಲ್ಲ. ಮಾಲ್‌ಗಳಲ್ಲಿ ನೀವು ನೋಡಿರುವ ಹತ್ತು ಪಿನ್ನುಗಳ ಆಟ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಚಪ್ಪಲಿ ಮತ್ತು ಪರ್ಸ್ ಕಾಯುತ್ತ ಕುಳಿತ ಅನುಭವ ನಿಮ್ಮಲ್ಲಿ ಹಲವರಿಗೆ ಇರಬಹುದು. ನಾನೂ ಹಾಗೆ ಎಷ್ಟೋ ವರ್ಷ ಕಾದವಳೇ. ಐವತ್ತು ದಾಟಿದ ಮೇಲೆ ಮೊದಲ ಸಲ ಚೆಂಡು ಹಿಡಿದೆ.

ನಾನು ಕಲಿತದ್ದು ಬೆಂಗಳೂರಿನಲ್ಲಿ, ಮಗನ ಮನೆಗೆ ಹೋಗಿದ್ದಾಗ. ಆ ಊರಿಗೂ ಈ ಆಟಕ್ಕೂ ಹಳೆಯ ನಂಟು. ರಾಷ್ಟ್ರೀಯ ಚಾಂಪಿಯನ್ ಆದ ಶೇಖ್ ಅಬ್ದುಲ್ ಹಮೀದ್ ಕರ್ನಾಟಕದವರೇ. ಮಗ ನನ್ನ ಹುಟ್ಟುಹಬ್ಬಕ್ಕೆ ನನ್ನ ಬೆರಳಿನ ಅಳತೆಗೇ ತೂತು ಕೊರೆಸಿದ 12 ಪೌಂಡಿನ ಚೆಂಡು ಕೊಡಿಸಿದ. ಅಲ್ಲಿ ಅದು ಸೊಗಸಾಗಿ ಸಾಗಿ, ಕೊನೆಯಲ್ಲಿ ಎಡಕ್ಕೆ ತಿರುಗಿ, ಸರಿಯಾದ ಜಾಗಕ್ಕೆ ಬಡಿಯುತ್ತಿತ್ತು. ಒಂದು ಆಟಕ್ಕೆ 130, 140 ಅಂಕ ಬರುತ್ತಿತ್ತು. ನನಗೆ ಸ್ವಲ್ಪ ಜಂಬವೂ ಬಂತು ಅನ್ನಿ.

ಮುಂಬಯಿಗೆ ಮರಳಿ, ನಮ್ಮ ಬಳಗದ ಐದು ಜನ ವಾರಕ್ಕೊಮ್ಮೆ ಬೆಳಗಿನ ಹೊತ್ತು ಒಂದು ಮಾಲಿಗೆ ಹೋಗತೊಡಗಿದೆವು. ಅಲ್ಲಿ ಅದೇ ಚೆಂಡು, ಅದೇ ಕೈ. ಆದರೆ ಚೆಂಡು ಅರ್ಧ ದಾರಿಗೇ ಎಡಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಮುಂದಿನ ಪಿನ್ನಿನ ಎಡಗಡೆಗೆ ಬಡಿದು, ಆಚೆ ಈಚೆ ಒಂದೊಂದು ಪಿನ್ ನಿಂತೇ ಇರುತ್ತಿತ್ತು. ಅಂಕ 85ಕ್ಕೆ ಇಳಿಯಿತು. ಕೈ ಸೋತಿದೆ, ವಯಸ್ಸಾಯಿತು ಎಂದುಕೊಂಡೆ. ಅಲ್ಲಿ ಕೆಲಸಕ್ಕಿದ್ದ ಹುಡುಗ, "ಆಂಟಿ, ಜೋರಾಗಿ ಹಾಕಿ, ತಿರುಗೋದಿಲ್ಲ" ಎಂದ. ಹಾಕಿದೆ. ಎರಡು ಸಲ ಸರಿ ಹೋಯಿತು.

ಇನ್ನು ಹೇಳುವುದು ನನಗೆ ಕಷ್ಟದ ಮಾತು. ನಮ್ಮ ಬಳಗದಲ್ಲಿ ನನಗಿಂತ ಎಂಟು ವರ್ಷ ದೊಡ್ಡ ಅಕ್ಕ ಒಬ್ಬರಿದ್ದಾರೆ. ಅವರೂ ನನ್ನ ಚೆಂಡನ್ನು ಆಸೆಪಟ್ಟು ಹಾಕುತ್ತಿದ್ದರು, ಅವರಿಗೂ ಅದು ಹಾಗೇ ಎಡಕ್ಕೆ ಎಳೆಯುತ್ತಿತ್ತು. ನಾನು ದೊಡ್ಡ ಬಲ್ಲವಳ ಹಾಗೆ, "ಅಕ್ಕ, ಜೋರಾಗಿ ಹಾಕಿ" ಎಂದೆ. ಅವರು ಮೂರು ವಾರ ಜೋರಾಗಿ ಹಾಕಿದರು. ನಾಲ್ಕನೇ ವಾರ ಬರಲಿಲ್ಲ. ಫೋನ್ ಮಾಡಿದರೆ, ಬಲಭುಜ ಎತ್ತಲು ಆಗುತ್ತಿಲ್ಲ, ತಲೆ ಬಾಚಿಕೊಳ್ಳಲೂ ಸೊಸೆಯನ್ನು ಕರೆಯಬೇಕು ಎಂದರು. ಎರಡು ತಿಂಗಳು ಫಿಸಿಯೋಥೆರಪಿ ಆಯಿತು. ನೋಡಲು ಹೋದಾಗ ಅವರೇ ಚಹಾ ಮಾಡಿಸಿ, "ನಿನ್ನ ತಪ್ಪಲ್ಲ ಮಾರಾಯ್ತಿ, ನನಗೇ ಹಟ ಬಂತು" ಎಂದರು. ಆ ಚಹಾ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಬೆಂಗಳೂರಿಗೆ ಹೋದಾಗ, ನನ್ನ ಚೆಂಡಿಗೆ ತೂತು ಕೊರೆದಿದ್ದ ತರಬೇತುದಾರರನ್ನೇ ಕಂಡು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಚೆಂಡು ವಾಪಸ್ ಬಂದಾಗ ಅದರ ಮೇಲೆ ಎಣ್ಣೆಯ ಗೆರೆ ಇರುತ್ತಿತ್ತಾ?" ನಾನು ನೋಡಿರಲೇ ಇಲ್ಲ. ಇವತ್ತು ನಿಮಗೆ ಹೇಳುವುದೆಲ್ಲ ಆ ಪ್ರಶ್ನೆಯಿಂದ ಕಲಿತದ್ದು.

ಲೇನಿನ ಉದ್ದ, ಫೌಲ್ ಲೈನಿನಿಂದ ಮೊದಲ ಪಿನ್ನಿನವರೆಗೆ, 60 ಅಡಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಹಚ್ಚಿರುತ್ತಾರೆ. ಸಾಮಾನ್ಯವಾಗಿ ಮೊದಲ 40 ಅಡಿಯ ಆಸುಪಾಸಿನವರೆಗೆ ಎಣ್ಣೆ, ಉಳಿದದ್ದು ಒಣ. ಮಧ್ಯದಲ್ಲಿ ಹೆಚ್ಚು, ಅಂಚಿಗೆ ಕಡಿಮೆ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ಜಾಗಕ್ಕೆ ಬಂದಾಗ ನೆಲ ಹಿಡಿದು ತಿರುಗುತ್ತದೆ. ಉರುಳುವ ಪ್ರತಿ ಚೆಂಡೂ ಸ್ವಲ್ಪ ಎಣ್ಣೆಯನ್ನು ಒರೆಸಿಕೊಂಡು ಹೋಗುತ್ತದೆ. ದಿನವಿಡೀ ಜನ ಆಡಿ, ಮತ್ತೆ ಎಣ್ಣೆ ಹಚ್ಚದೇ ಬಿಟ್ಟರೆ ಲೇನ್ ಒಣಗುತ್ತದೆ. ಎಣ್ಣೆ ಸವರದ ಕಾವಲಿಗೆ ಹಿಟ್ಟು ಹೊಯ್ದರೆ ಸೌಟು ಒಂದು ಸುತ್ತು ಬರುವ ಮೊದಲೇ ಅದು ಹಿಡಿದುಕೊಳ್ಳುವುದಿಲ್ಲವೇ? ಚೆಂಡಿನ ಕಥೆಯೂ ಅದೇ. ಹದಿನೈದು, ಇಪ್ಪತ್ತು ಅಡಿಗೇ ನೆಲ ಹಿಡಿಯುತ್ತದೆ. ಪಿನ್ ತಲುಪುವಷ್ಟರಲ್ಲಿ ಅದರ ಕಸುವು ಮುಗಿದಿರುತ್ತದೆ.

ಹಾಗಾದರೆ ಒಣ ಲೇನ್ ಎಂದು ಗೊತ್ತಾಗುವುದು ಹೇಗೆ? ವಾಪಸ್ ಬಂದ ಚೆಂಡನ್ನು ನೋಡಿ. ಎಣ್ಣೆಯ ಉಂಗುರದಂಥ ಗೆರೆಗಳಿದ್ದರೆ ಲೇನಿನಲ್ಲಿ ಎಣ್ಣೆ ಇದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೂ ಏನೂ ಅಂಟದಿದ್ದರೆ ಒಣಗಿದೆ. ಇದಕ್ಕೆ ಎರಡು ನಿಮಿಷ ಸಾಕು. ನಾನು ಆ ಎರಡು ನಿಮಿಷ ಕೊಟ್ಟಿದ್ದರೆ ಅಕ್ಕನ ಭುಜ ಉಳಿಯುತ್ತಿತ್ತು.

ಈಗ ಚೆಂಡಿನ ವಿಷಯ. ಅದರ ಹೊರಮೈ ಮುಖ್ಯವಾಗಿ ಮೂರು ಬಗೆ. ಒಂದು ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಮಾಲಿನ ಕಪಾಟಿನಲ್ಲಿರುವ ಬಣ್ಣಬಣ್ಣದ ಚೆಂಡುಗಳು ಹೆಚ್ಚಾಗಿ ಇವೇ. ಇವು ನೆಲವನ್ನು ತೀರಾ ಕಡಿಮೆ ಹಿಡಿಯುತ್ತವೆ, ನೇರ ಹೋಗುತ್ತವೆ. ಎರಡನೆಯದು ಯುರಿಥೇನ್. ಇದು ಬೇಗ ಹಿಡಿದರೂ ನಿಧಾನಕ್ಕೆ, ಒಂದೇ ಹದದಲ್ಲಿ ತಿರುಗುತ್ತದೆ. ಮೂರನೆಯದು ರಿಯಾಕ್ಟಿವ್ ರೆಸಿನ್. ಇದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದು ಎಣ್ಣೆ ಹೀರುತ್ತವೆ, ಒಣ ಜಾಗ ಸಿಕ್ಕಾಗ ಜೋರಾಗಿ ತಿರುಗುತ್ತದೆ. ಇದರಲ್ಲೂ ಮಂಕು ಮೈಯ ಸಾಲಿಡ್ ಬೇಗ ಹಿಡಿಯುತ್ತದೆ. ಹೊಳಪಿನ ಪರ್ಲ್ ಹೆಚ್ಚು ದೂರ ಜಾರಿ ಆಮೇಲೆ ತಿರುಗುತ್ತದೆ. ಮಗ ಕೊಡಿಸಿದ್ದು ಮಂಕು ಸಾಲಿಡ್. ಎಣ್ಣೆ ತುಂಬಿದ ಲೇನಿಗೆ ಹೇಳಿ ಮಾಡಿಸಿದ್ದು. ಒಣ ಲೇನಿಗೆ ಅದಕ್ಕಿಂತ ಒಲ್ಲದ ಚೆಂಡು ಇನ್ನೊಂದಿಲ್ಲ.

ಚೆಂಡಿನೊಳಗೆ ಕೋರ್ ಎಂಬ ಭಾರದ ಗಡ್ಡೆ ಇರುತ್ತದೆ. ಅಂಗಡಿಯಲ್ಲಿ ಆರ್‌ಜಿ, ಡಿಫರೆನ್ಶಿಯಲ್ ಎಂಬ ಎರಡು ಅಂಕಿ ಹೇಳುತ್ತಾರೆ. ಆರ್‌ಜಿ 2.46ರಿಂದ 2.80ರವರೆಗೆ ಇರಬಹುದು. ಅದು ಹೆಚ್ಚಿದ್ದರೆ ಚೆಂಡು ದೂರ ಜಾರುತ್ತದೆ. ಡಿಫರೆನ್ಶಿಯಲ್ ಹೆಚ್ಚೆಂದರೆ 0.060. ಅದು ಕಡಿಮೆಯಿದ್ದಷ್ಟೂ ತಿರುವು ಕಡಿಮೆ. ಒಣ ಲೇನಿಗೆ ಆರ್‌ಜಿ ಹೆಚ್ಚು, ಡಿಫರೆನ್ಶಿಯಲ್ ಕಡಿಮೆ, ಕೋರ್ ಸರಳ, ಮೈ ಹೊಳಪು: ಇಷ್ಟು ನೆನಪಿಟ್ಟರೆ ಸಾಕು. ನಮ್ಮಂಥವರಿಗೆ ಇನ್ನೊಂದು ಮಾತು. 12 ಪೌಂಡಿಗಿಂತ ಹಗುರದ ಚೆಂಡುಗಳಿಗೆ ಹಲವು ಕಂಪನಿಗಳು ಬೇರೆಯೇ ಕೋರ್ ಹಾಕುತ್ತವೆ. ಜಾಹೀರಾತಿನ ಅಂಕಿ ಭಾರದ ಚೆಂಡಿನದ್ದಾಗಿರಬಹುದು. ನಿಮಗೆ ಬೇಕಾದ ತೂಕದ ಚೆಂಡಿನ ಅಂಕಿಯನ್ನೇ ಕೇಳಿ.

ಇರುವ ಚೆಂಡನ್ನೂ ಸ್ವಲ್ಪ ತಿದ್ದಬಹುದು. ಅದರ ಮೈ ಉಜ್ಜಲು 500ರಿಂದ 4000ದವರೆಗೆ ನಂಬರಿನ ಪ್ಯಾಡ್‌ಗಳು ಸಿಗುತ್ತವೆ. ಅಂಕಿ ದೊಡ್ಡದಾದಷ್ಟೂ ಮೈ ನಯ. ನನ್ನ ಚೆಂಡನ್ನು ತರಬೇತುದಾರರು ಮೊದಲು ಚೆನ್ನಾಗಿ ತೊಳೆದು, ಯಂತ್ರದ ಮೇಲೆ ತಿರುಗಿಸುತ್ತ, ನೀರು ಹಾಕಿ ಎಲ್ಲ ಕಡೆ ಸಮನಾಗಿ 2000, ಆಮೇಲೆ 4000ದ ಪ್ಯಾಡ್ ಹಿಡಿದು, ಕೊನೆಗೆ ಪಾಲಿಶ್ ಕೊಟ್ಟರು. ಅಷ್ಟಕ್ಕೇ ಅದು ಕೆಲವು ಅಡಿ ಹೆಚ್ಚು ಜಾರತೊಡಗಿತು. ಆದರೆ ಪಾಲಿಶ್ ಮಾಡಿದ ಮಾತ್ರಕ್ಕೆ ಸಾಲಿಡ್ ಚೆಂಡು ಪರ್ಲ್ ಆಗುವುದಿಲ್ಲ. ಇನ್ನು, ಪಂದ್ಯ ಶುರುವಾದ ಮೇಲೆ ಉಜ್ಜಲು ನಿಯಮದಲ್ಲಿ ಅವಕಾಶವಿಲ್ಲ. ಮನೆಯಲ್ಲೇ ಮುಗಿಸಿ ಬರಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯ ಕಾಲಿನದು. ಲೇನಿನ ಅಗಲದಲ್ಲಿ 39 ಪಟ್ಟಿಗಳಿವೆ, ಮುಂದೆ ಏಳು ಬಾಣದ ಗುರುತುಗಳಿವೆ. ಬಲಗೈಯವರ ಚೆಂಡು ಎಡಕ್ಕೆ ಹೆಚ್ಚು ತಿರುಗುತ್ತಿದ್ದರೆ, ನಿಲ್ಲುವ ಜಾಗವನ್ನು ಎರಡು ಪಟ್ಟಿ ಎಡಕ್ಕೆ, ನೋಡುವ ಗುರಿಯನ್ನು ಒಂದು ಪಟ್ಟಿ ಎಡಕ್ಕೆ ಸರಿಸಿ. ಮಧ್ಯದಲ್ಲಿ ಇನ್ನೂ ಉಳಿದ ಎಣ್ಣೆ ಸಿಗುತ್ತದೆ. ಸಾಲದಿದ್ದರೆ ಮತ್ತೆ ಎರಡು, ಒಂದು. ಎಡಗೈಯವರಿಗೆ ಇದು ತಿರುವುಮುರುವು. ಆಮೇಲೆ ಮಣಿಕಟ್ಟನ್ನು ತಿರುಗಿಸದೆ, ಅಂಗೈಯನ್ನು ಚೆಂಡಿನ ಹಿಂದೆಯೇ ಇಟ್ಟು ಬಿಡಿ.

ಹಾಗಾಗಿ ನನ್ನ ಕ್ರಮ ಇದು: ಮೊದಲು ಕಾಲು, ಆಮೇಲೆ ಚೆಂಡು, ಆಮೇಲೆ ಕೈಯ ತಿರುವು. ವೇಗ ಕೊನೆಗೆ, ಅದೂ ನಿಮ್ಮ ಭುಜ ಒಪ್ಪಿದರೆ ಮಾತ್ರ. ಜೋರಾಗಿ ಹಾಕಿದರೆ ಒಣ ಲೇನಿನಲ್ಲಿ ಚೆಂಡು ನೇರ ಹೋಗುವುದು ನಿಜ, ಆ ಹುಡುಗ ಸುಳ್ಳು ಹೇಳಲಿಲ್ಲ. ಆದರೆ ಅವನಿಗೆ ಇಪ್ಪತ್ತೆರಡು ವರ್ಷ. ನಮಗೆ ಬಾವಿ ಸೇದಿ, ಮಕ್ಕಳನ್ನು ಎತ್ತಿ, ಲೋಕಲ್ ರೈಲಿನ ಕಂಬಿ ಹಿಡಿದು ಜೋತಾಡಿ ಸವೆದ ಭುಜ. ಅದನ್ನು ಪಾಲಿಶ್ ಮಾಡಿ ಸರಿಪಡಿಸುವ ಯಂತ್ರ ಯಾವ ಅಂಗಡಿಯಲ್ಲೂ ಇಲ್ಲ.

ನಾನೀಗ ಮುಂಬಯಿಯಲ್ಲಿ ಹೆಚ್ಚಾಗಿ ಮಾಲಿನ 10 ಪೌಂಡಿನ ಪ್ಲಾಸ್ಟಿಕ್ ಚೆಂಡನ್ನೇ ಹಾಕುತ್ತೇನೆ. ಹೆಬ್ಬೆರಳು ಎಳೆಯದೆ, ಬಿಗಿಯದೆ ಹೊರಬರುವ ತೂತು ಇರುವುದನ್ನು ಹುಡುಕುತ್ತೇನೆ. ನನ್ನ ಅಂಕ 115ರ ಸುತ್ತ ಇದೆ. ಮಗ ಕೊಡಿಸಿದ ಚೆಂಡನ್ನು ಹೊಸದಾಗಿ ಎಣ್ಣೆ ಹಚ್ಚಿದ ದಿನಕ್ಕೆಂದು ಇಟ್ಟಿದ್ದೇನೆ. ಅಕ್ಕ ಆರು ತಿಂಗಳ ನಂತರ ಮತ್ತೆ ಬಂದರು. 8 ಪೌಂಡಿನ ಚೆಂಡು, ದಿನಕ್ಕೆ ಒಂದೇ ಆಟ. ಎರಡನೆಯ ಆಟಕ್ಕೆ ಎಷ್ಟು ಕರೆದರೂ ಏಳುವುದಿಲ್ಲ. ಭುಜ ಮೊದಲಿನಂತೆ ಆಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂಟಿಯಾಗಿ ನಿಂತ ಪಿನ್ ಬೀಳಿಸುವುದರಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿಲ್ಲ.

ಮುಂದಿನ ತಿಂಗಳ ನಮ್ಮ ವಿಹಾರದಲ್ಲಿ ಬೌಲಿಂಗೂ ಇದೆ. ಬನ್ನಿ. ಪರ್ಸು, ಚಪ್ಪಲಿ ಕಾಯಲು ಈ ಸಲ ನಮ್ಮ ಮನೆಯವರು ಒಪ್ಪಿದ್ದಾರೆ. ಚೆಂಡು ಹಿಡಿಯುವ ಮೊದಲು ಒಂದು ಬಿಳಿ ಕರವಸ್ತ್ರ ಜೊತೆಗಿರಲಿ. ಮೊದಲ ಚೆಂಡು ವಾಪಸ್ ಬಂದ ಕೂಡಲೇ ಒರೆಸಿ ನೋಡೋಣ. ಯಾರಾದರೂ "ಜೋರಾಗಿ ಹಾಕಿ" ಎಂದರೆ, ಆ ಮಾತು ನನ್ನ ಬಾಯಿಂದಲೇ ಬಂದರೂ, ದಯವಿಟ್ಟು ಕೇಳಬೇಡಿ.

ಈ ವಿಷಯ ಹೇಳಲು ಅನುಮತಿ ಕೊಟ್ಟ ಆ ಅಕ್ಕನಿಗೆ ವಂದನೆಗಳು.